ಮೂರು ಚುಕ್ಕೆ ಅಳಿಸಿಹೋದ ಮೇಲೆ

ಜೂನ್ ತಿಂಗಳಲ್ಲಿ ಸಮುದ್ರದ ಏಡಿ ಕೇಳಿದರೆ ಜನ ನಗುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಬೆಳಗಾವಿ ಕ್ಯಾಂಪಿನ ಮೀನು ಮಾರುಕಟ್ಟೆಗೆ ಅವತ್ತು ಮೊದಲ ಸಲ ಕಾಲಿಟ್ಟಿದ್ದೆ. ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈಗ ಕುರ್ಲಿ ಎಲ್ಲಿಂದ ಬರ್ತಾವ್ರೀ? ಬೋಟೆಲ್ಲ ಬಂದ್ ಅದಾವಲ್ಲ" ಅಂದರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕರಾವಳಿಯ ಮಕ್ಕಳಿಗೂ ಗೊತ್ತಿರುವ ವಿಷಯ. ನನಗೆ ಗೊತ್ತಿರಲಿಲ್ಲ.

ನಾನು ಬೈಲಹೊಂಗಲ ಕಡೆಯವಳು. ನಮ್ಮ ಮನೆಗೆ ಮೊಟ್ಟೆಯೂ ಬರುವುದಿಲ್ಲ. ಏಡಿ ಅಂದರೆ ಮಲಪ್ರಭೆಯ ದಂಡೆಯಲ್ಲಿ, ಹೊಲದ ಒಡ್ಡಿನ ಬಿಲದಲ್ಲಿ ಇರುವ ಕಂದು ಏಡಿ, ಅಷ್ಟೇ. ಬಿಲಕ್ಕೆ ಕಡ್ಡಿ ಹಾಕಿ ಅದನ್ನು ಕೆಣಕುವುದು ನಮ್ಮ ಆಟವಾಗಿತ್ತು. ಏಡಿ ಈಜುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ನಮ್ಮೂರ ಏಡಿ ನೀರಿನ ತಳದಲ್ಲಿ ನಡೆಯುತ್ತದೆ, ಈಜುವುದಿಲ್ಲ.

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಮ್ಮ ಸರ್ ಕೊಟ್ಟ ಕೆಲಸ ಕೇಳಲು ಬಹಳ ಸಣ್ಣದು. "ಈಜುವ ಏಡಿಯ ಒಂದು ಜಾತಿ ತಗೋ. ಗುರುತಿಸು. ವಿವರಣೆ ಬರಿ." ಜೊತೆಯವರು ನೀರಿನ ಮಾಲಿನ್ಯ, ಜೀನು, ಬ್ಯಾಕ್ಟೀರಿಯಾ ಅಂತೆಲ್ಲ ತೆಗೆದುಕೊಂಡಿದ್ದರು. ನನಗೆ ಸ್ವಲ್ಪ ಅವಮಾನವೇ ಆಯಿತು. ಒಂದು ಏಡಿ ನೋಡಿ ಬರೆಯುವುದು ಹೈಸ್ಕೂಲಿನ ಕೆಲಸ ಅಲ್ವಾ?

ಆಗಸ್ಟ್ ಕೊನೆಗೆ ಮಾರುಕಟ್ಟೆಗೆ ಏಡಿ ಬಂತು. ಗೋವಾ ಕಡೆಯಿಂದ ಚೋರ್ಲಾ ಘಾಟ್ ಹತ್ತಿ ಬರುವ ಮಾಲು. ಅದೇ ಅಕ್ಕ ಒಂದನ್ನು ಎತ್ತಿ ತೋರಿಸಿದರು. ಬೂದು ಹಸಿರು ಚಿಪ್ಪು. ಅದರ ಹಿಂಬದಿಯಲ್ಲಿ ಸಾಲಾಗಿ ಮೂರು ಕಡುಗೆಂಪು ಚುಕ್ಕೆ, ಪ್ರತಿ ಚುಕ್ಕೆಯ ಸುತ್ತ ಬಿಳಿ ಅಂಚು. ಕುಂಕುಮ ಇಟ್ಟಂತೆ. ಮೊಬೈಲಿನಲ್ಲಿ ಹುಡುಕಿದೆ. ಮಾರುಕಟ್ಟೆಯ ಮೆಟ್ಟಿಲ ಮೇಲೇ ಹೆಸರು ಸಿಕ್ಕಿತು: ಪೋರ್ಚುನಸ್ ಸ್ಯಾಂಗ್ವಿನೊಲೆಂಟಸ್. ಕೊನೆಯ ಕಾಲಿನ ಜೋಡಿ ಚಪ್ಪಟೆ, ದೋಣಿಯ ಹುಟ್ಟಿನ ಹಾಗೆ. ಇದರಿಂದಲೇ ಈಜುತ್ತದೆ. ನಮ್ಮ ಹೊಲದ ಏಡಿಗೆ ಆ ಜಾಗದಲ್ಲಿ ಚೂಪು ಉಗುರು.

ನಾಲ್ಕು ಏಡಿ ಕೊಂಡೆ. ಬದುಕಿನಲ್ಲಿ ಮೊದಲ ಸಲ ಮಾಂಸದ ವ್ಯಾಪಾರ, ಚೌಕಾಸಿ ಮಾಡಲಿಕ್ಕೂ ಬರಲಿಲ್ಲ.

ಮರುದಿನ ಸರ್ ಮುಂದೆ ಇಟ್ಟೆ. ಅವರು ಏಡಿಯನ್ನು ನೋಡಲೇ ಇಲ್ಲ. "ಇದು ಎಲ್ಲಿಯದು?" ಅಂದರು.

"ಕ್ಯಾಂಪ್, ಸರ್."

"ಕ್ಯಾಂಪಿನಾಗ ಸಮುದ್ರ ಐತೇನು?"

ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ಎಲ್ಲಿ ಹಿಡಿದದ್ದು, ಯಾವ ದಿನ, ಎಷ್ಟು ಆಳದಲ್ಲಿ, ಯಾವ ಬಲೆಯಲ್ಲಿ ಅನ್ನುವುದು ಗೊತ್ತಿಲ್ಲದ ಏಡಿ ಮಾದರಿಯಲ್ಲ, ಅಡುಗೆ ಸಾಮಾನು ಅಂತ ಸರ್ ಹೇಳಿದರು. ಮಾರುಕಟ್ಟೆಯ ಬುಟ್ಟಿಯಲ್ಲಿ ಗೋವಾದ್ದೂ ಇರುತ್ತದೆ, ಕಾರವಾರದ್ದೂ ಇರುತ್ತದೆ, ಮಾಲವಣದ್ದೂ ಇರುತ್ತದೆ. ಐಸಿನಲ್ಲಿ ಎಲ್ಲ ಒಂದೇ.

ಹಾಗಾಗಿ ನವೆಂಬರಿನಲ್ಲಿ ಕಾರವಾರಕ್ಕೆ ಹೋದೆವು. ನಾನು, ಸರ್, ಮತ್ತು ಜೊತೆಗೆ ಬರಲು ಒಪ್ಪಿದ ಒಬ್ಬ ಗೆಳತಿ. ಅವಳದ್ದು ಸಸ್ಯಶಾಸ್ತ್ರ. ಹಳಿಯಾಳ, ದಾಂಡೇಲಿ, ಜೋಯಿಡಾ ದಾಟಿ ಬಸ್ಸಿನಲ್ಲಿ. ಇಳಿಜಾರಿನ ತಿರುವುಗಳಲ್ಲಿ ಗೆಳತಿಗೆ ವಾಂತಿ ಬಂತು, ಅದನ್ನು ಬಿಟ್ಟರೆ ಹೇಳುವಂಥದ್ದು ಏನೂ ಇಲ್ಲ.

ಬೆಳಗಿನ ಜಾವ ಬೈತಖೋಲ್ ಬಂದರಿನಲ್ಲಿ ನಿಂತಿದ್ದೆವು. ಟ್ರಾಲರ್‌ಗಳು ಒಂದೊಂದಾಗಿ ಬಂದವು. ಬೆಲೆ ಬಾಳುವ ಮೀನು ಬುಟ್ಟಿಗೆ ಹೋದ ಮೇಲೆ ಉಳಿಯುವ ರಾಶಿಯಲ್ಲೇ ನಮ್ಮ ಕೆಲಸ. ಸಣ್ಣ ಮೀನು, ಸಿಗಡಿ, ಶಂಖ, ಸಮುದ್ರ ಹಾವು, ಅದರ ನಡುವೆ ಏಡಿ. ಮೂರು ಚುಕ್ಕೆಯದ್ದು ಬೇಕಾದಷ್ಟಿತ್ತು. ಎಷ್ಟು ಆಳ ಅಂತ ಒಬ್ಬರನ್ನು ಕೇಳಿದೆ. "ಹನ್ನೆರಡು ಮಾರು ನೀರು" ಅಂದರು. ಒಂದು ಮಾರು ಅಂದರೆ ಎರಡು ಕೈ ಚಾಚಿದಷ್ಟು, ಸುಮಾರು ಆರಡಿ. ಹತ್ತಿರ ಹತ್ತಿರ 22 ಮೀಟರ್. ನಮ್ಮಲ್ಲಿ ಬಾವಿಯ ಆಳವನ್ನೂ ಹಗ್ಗವನ್ನೂ ಮಾರಿನಲ್ಲೇ ಹೇಳುತ್ತಾರೆ. ಕಡಲ ದಂಡೆಯಲ್ಲಿ ಅಜ್ಜನ ಮಾತು ಕೇಳಿ ಖುಷಿಯಾಯಿತು. ಪೆನ್ಸಿಲಿನಿಂದ ದಪ್ಪ ಕಾಗದದ ಮೇಲೆ ಬರೆದುಕೊಂಡೆ. ಪೆನ್ನಿನ ಶಾಯಿ, ಏಡಿ ಕೆಡದಂತೆ ಹಾಕಿಡುವ ಸ್ಪಿರಿಟ್‌ನಲ್ಲಿ ಕರಗುತ್ತದೆ, ಪೆನ್ಸಿಲ್ ಕರಗುವುದಿಲ್ಲ. ಚೀಟಿ ಡಬ್ಬಿಯ ಹೊರಗೆ ಅಂಟಿಸುವುದಲ್ಲ, ಏಡಿಯ ಜೊತೆ ಒಳಗೇ ಹಾಕುವುದು.

ಅಲ್ಲೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಜೀವಂತ ಸಿಕ್ಕ ಒಂದು ಒಳ್ಳೆಯ ಗಂಡು ಏಡಿಯನ್ನು, ಬೇಗ ಮುಗಿಯಲಿ ಅಂತ, ಸೀದಾ ಸ್ಪಿರಿಟ್ ಡಬ್ಬಿಗೆ ಹಾಕಿದೆ. ಅದು ಎರಡೂ ಇಕ್ಕಳ ಕೈಗಳನ್ನು ಬುಡದಿಂದಲೇ ಕಳಚಿ ಬಿಟ್ಟಿತು. ಆಮೇಲೆ ಮೂರು ಕಾಲು. ಕಣ್ಣ ಮುಂದೆಯೇ. ಏಡಿಗಳಿಗೆ ಅಪಾಯದಲ್ಲಿ ಕಾಲು ಕಳಚಿ ಓಡುವ ಅಭ್ಯಾಸವಿದೆ. ಕಳಚಲಿಕ್ಕೆಂದೇ ಬುಡದ ಹತ್ತಿರ ಒಂದು ಗೆರೆ ಇರುತ್ತದೆ, ಅಲ್ಲಿ ಮುರಿದರೆ ಜಾಸ್ತಿ ರಕ್ತ ಹೋಗುವುದಿಲ್ಲ. ಮುಂದೆ ಚಿಪ್ಪು ಬದಲಿಸುವಾಗ ಕಾಲು ಮತ್ತೆ ಬೆಳೆಯುತ್ತದೆ. ಇದಕ್ಕೆ ಓಡಲು ಜಾಗವಿರಲಿಲ್ಲ. ಸರ್ ಬೈಯಲಿಲ್ಲ. "ಮೊದಲು ಐಸಿನಾಗ ಇಡಬೇಕು. ತಣ್ಣಗಾಗಿ ಮಲಗಿದ ಮ್ಯಾಲೆ ಸ್ಪಿರಿಟ್" ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆ ಡಬ್ಬಿಗೆ ನಾನು 1 ಅಂತ ನಂಬರ್ ಕೊಟ್ಟಿದ್ದೇನೆ.

ವಾಪಸು ಬರುವಾಗ ಐಸ್ ಪೆಟ್ಟಿಗೆಯ ವಾಸನೆಗೆ ಕಂಡಕ್ಟರ್ ನಮ್ಮನ್ನು ಬಸ್ಸಿನ ಕೊನೆಯ ಸೀಟಿಗೆ ಕಳಿಸಿದರು.

ಬೆಳಗಾವಿಗೆ ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಸರ್ ಎರಡು ಷರತ್ತು ಹಾಕಿದರು. ಒಂದು, ವಿವರಣೆಯಲ್ಲಿ ಏಡಿಯ ಹೆಸರು ಬರಬಾರದು. ಎರಡು, ಮೊದಲು ಕನ್ನಡದಲ್ಲಿ ಬರೆಯಬೇಕು. ಬರೆದ ಮೇಲೆ ಒಂದು ತಟ್ಟೆಯಲ್ಲಿ ಬೇರೆ ಬೇರೆ ಏಡಿಗಳನ್ನು ಇಡುತ್ತಾರೆ. ನನ್ನ ಗೆಳತಿ, ಅಂದರೆ ಏಡಿ ಓದದವಳು, ನನ್ನ ಬರಹ ಮಾತ್ರ ಓದಿ ನನ್ನ ಜಾತಿಯ ಎಲ್ಲ ಏಡಿಗಳನ್ನು ಆರಿಸಬೇಕು. ಗಂಡು ಯಾವುದು, ಹೆಣ್ಣು ಯಾವುದು ಅಂತಲೂ ಹೇಳಬೇಕು. ನಾನು ಪಕ್ಕದಲ್ಲಿ ನಿಲ್ಲುವಂತಿಲ್ಲ.

ಕನ್ನಡದಲ್ಲಿ ಯಾಕೆ ಅಂತ ಆಗ ಅರ್ಥವಾಗಲಿಲ್ಲ. ಹೇಗಿದ್ದರೂ ಕೊನೆಗೆ ಇಂಗ್ಲಿಷಿನಲ್ಲೇ ಸಲ್ಲಿಸಬೇಕು. ಇದು ಸುಮ್ನೆ ಎರಡು ಪಟ್ಟು ಕೆಲಸ ಅಂತ ಗೊಣಗಿದೆ.

ಡಿಸೆಂಬರಿನಲ್ಲಿ ಮೊದಲ ಪರೀಕ್ಷೆ. ನನ್ನ ಬರಹದ ಮೊದಲ ಸಾಲೇ ಮೂರು ಕೆಂಪು ಚುಕ್ಕೆ. ಅದಿದ್ದ ಮೇಲೆ ಬೇರೇನು ಬೇಕು? ಗೆಳತಿ ತಟ್ಟೆ ನೋಡಿದಳು. ಹೊರಗೆ ನಿಂತ ನನ್ನನ್ನು ಕರೆದಳು. "ಇಲ್ಲಿ ಚುಕ್ಕೆ ಇರೋದು ಒಂದೂ ಇಲ್ಲ."

ಒಂದೂ ಇರಲಿಲ್ಲ. ಒಂದು ತಿಂಗಳು ಸ್ಪಿರಿಟ್‌ನಲ್ಲಿ ಇದ್ದು ಎಲ್ಲ ಏಡಿಯೂ ಒಂದೇ ಮಣ್ಣು ಬಣ್ಣಕ್ಕೆ ಬಂದಿದ್ದವು. ಬೆನ್ನ ಮೇಲೆ ಶಿಲುಬೆ ಗುರುತಿರುವ ಏಡಿಯನ್ನೂ ತಂದಿದ್ದೆವು, ಕ್ಯಾರಿಬ್ಡಿಸ್ ಫೆರಿಯಾಟಾ. ಸಂತ ಫ್ರಾನ್ಸಿಸ್ ಝೇವಿಯರ್ ಕಡಲಲ್ಲಿ ಕಳೆದುಕೊಂಡ ಶಿಲುಬೆಯನ್ನು ಏಡಿಯೊಂದು ಹಿಡಿದು ತಂದುಕೊಟ್ಟಿತು, ಅದಕ್ಕೇ ಈ ಗುರುತು ಅಂತ ಒಂದು ಕಥೆ ಇದೆ. ಅವರ ದೇಹ ಇರುವ ಹಳೆ ಗೋವಾ ನಮಗೆ ಘಾಟ್ ಇಳಿದರೆ ಸಿಗುತ್ತದೆ. ಸಂತರ ಗುರುತೂ ಸ್ಪಿರಿಟ್‌ನಲ್ಲಿ ಮಾಸಿಹೋಗಿತ್ತು. ಸರ್ ಬೇಕಂತಲೇ ಕಾದಿದ್ದರು ಅಂತ ಆಗ ಗೊತ್ತಾಯಿತು. ತಾಜಾ ಏಡಿಯ ಫೋಟೊ ತೆಗೆದಿಡಬೇಕು, ಬಣ್ಣ ಬರೆದಿಡಬೇಕು, ಸರಿ. ಆದರೆ ವಿವರಣೆ ಬಣ್ಣದ ಮೇಲೆ ನಿಲ್ಲಬಾರದು.

ಹಲ್ಲು ಎಣಿಸಲು ಕೂತೆ. ಏಡಿಯ ಚಿಪ್ಪಿನ ಮುಂದಿನ ಅಂಚಿನಲ್ಲಿ, ಕಣ್ಣಿನಿಂದ ಪಕ್ಕದ ತುದಿಯವರೆಗೆ ಗರಗಸದಂತೆ ಹಲ್ಲುಗಳಿರುತ್ತವೆ. ಪೋರ್ಚುನಸ್‌ಗೆ ಒಂದೊಂದು ಪಕ್ಕಕ್ಕೆ ಒಂಬತ್ತು. ಒಂಬತ್ತನೆಯದು ಹಲ್ಲಲ್ಲ, ಮುಳ್ಳು. ಪಕ್ಕಕ್ಕೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಕ್ಯಾರಿಬ್ಡಿಸ್‌ಗೆ ಆರು. ಕೆಸರಿನ ದೊಡ್ಡ ಏಡಿ ಸ್ಕಿಲ್ಲಾಕ್ಕೂ ಒಂಬತ್ತೇ, ಆದರೆ ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆ, ಉದ್ದದ ಮುಳ್ಳಿಲ್ಲ. ಇಷ್ಟು ಗೊತ್ತಾದರೆ ತಟ್ಟೆಯ ಅರ್ಧ ಏಡಿಗಳು ಬೇರೆಯಾಗುತ್ತವೆ.

ಆದರೆ ಎಣಿಕೆ ಎಲ್ಲಿಂದ ಶುರು? ಕಣ್ಣಿನ ಗೂಡಿನ ಹೊರ ಮೂಲೆಯ ಹಲ್ಲನ್ನೂ ಸೇರಿಸಬೇಕು. ಅದನ್ನು ನಾನು ಬರೆದಿರಲಿಲ್ಲ. ಎರಡನೇ ಪರೀಕ್ಷೆಯಲ್ಲಿ ಗೆಳತಿ ಎಂಟು ಎಣಿಸಿ, ಇದಲ್ಲ ಅಂತ ಎಲ್ಲವನ್ನೂ ಪಕ್ಕಕ್ಕೆ ಇಟ್ಟಳು.

ಅದಕ್ಕಿಂತ ತಮಾಷೆ ಆದದ್ದು ಉದ್ದ ಅಗಲದ್ದು. ನನ್ನ ಒಂದು ಏಡಿಯ ಉದ್ದ 52.6 ಮಿಲಿಮೀಟರ್, ಮುಳ್ಳು ಸೇರಿಸಿ ಅಗಲ 118.2. ಅಂದರೆ ಅಗಲ ಉದ್ದದ ಎರಡು ಪಟ್ಟಿಗಿಂತ ಜಾಸ್ತಿ. ಏಡಿ ಓದುವವರಿಗೆ ಉದ್ದ ಎಂದರೆ ಮುಂದಿನಿಂದ ಹಿಂದಕ್ಕೆ. ಗೆಳತಿ ವರ್ನಿಯರ್ ಹಿಡಿದು, ಯಾವುದು ಜಾಸ್ತಿಯೋ ಅದೇ ಉದ್ದ ಅಂದುಕೊಂಡಳು. ಅವಳದೇನು ತಪ್ಪು? ಜಮಖಾನ ಅಳೆದರೂ ಹೊಲ ಅಳೆದರೂ ನಾವು ಹಾಗೇ ಹೇಳುವುದು. ಉದ್ದಕ್ಕಿಂತ ಅಗಲ ಜಾಸ್ತಿ ಅನ್ನುವ ಮಾತೇ ಕನ್ನಡದ ಕಿವಿಗೆ ಎಡವಟ್ಟು. ಆಮೇಲೆ ನಾನು ಉದ್ದ ಅನ್ನುವ ಪದವನ್ನೇ ಬಿಟ್ಟೆ. "ಹಣೆಯ ಅಂಚಿನಿಂದ ಹಿಂದಿನ ಅಂಚಿಗೆ" ಅಂತ ಬರೆದೆ. ಮುಳ್ಳಿನ ತುದಿ ಎಷ್ಟೋ ಏಡಿಗಳಲ್ಲಿ ಬಲೆಗೆ ಸಿಕ್ಕಿ ಮುರಿದಿರುತ್ತದೆ, ಅದಕ್ಕೆ ಮುಳ್ಳು ಬಿಟ್ಟು ಅಗಲ ಎಷ್ಟು ಅನ್ನುವುದನ್ನೂ ಸೇರಿಸಿದೆ.

ಇಲ್ಲಿಗೆ ಬರುವ ಹೊತ್ತಿಗೆ ಕನ್ನಡದ ಷರತ್ತು ಅರ್ಥವಾಗಿತ್ತು. ಇಂಗ್ಲಿಷಿನಲ್ಲಿ ಬರೆಯುವಾಗ ನಾನು ಹಳೆಯ ವಿವರಣೆಗಳ ಪದ ಎತ್ತಿ ಇಡುತ್ತಿದ್ದೆ. "ಫೈನ್ಲಿ ಗ್ರ್ಯಾನ್ಯುಲೇಟ್" (ಸಣ್ಣ ಕಾಳು ಕಾಳಾದದ್ದು) ಅಂತ ಬರೆದರೆ ಮುಗಿಯಿತು, ಏಡಿ ನೋಡುವ ಅಗತ್ಯವೇ ಇಲ್ಲ. ಕನ್ನಡದಲ್ಲಿ ಎತ್ತಿಡಲು ತಯಾರು ಪದ ಇಲ್ಲ. ಬೆರಳಿನಿಂದ ಚಿಪ್ಪು ಸವರಿ ನೋಡಿದೆ. ಮುಂಭಾಗದಲ್ಲಿ ಸಣ್ಣ ರವೆ ಮೆತ್ತಿದ ಹಾಗೆ. ಹಿಂದೆ ಹೋಗುತ್ತಾ ನುಣುಪು. ಪಕ್ಕದಲ್ಲಿದ್ದ ಇನ್ನೊಂದು ಜಾತಿಯ, ನೀಲಿ ಏಡಿಯ ಚಿಪ್ಪು ಹಾಗಲ್ಲ, ಹೆಚ್ಚು ಒರಟು. ನನ್ನ ಏಡಿಯದ್ದು ರವೆ, ನೀಲಿಯದ್ದು ಗೋಧಿ ನುಚ್ಚು ಅನ್ನಬಹುದು. ಆ ವ್ಯತ್ಯಾಸವನ್ನು ಎರಡು ತಿಂಗಳಿಂದ ಆ ಏಡಿಗಳ ಜೊತೆ ಇದ್ದರೂ ನಾನು ನೋಡಿರಲಿಲ್ಲ. ಓದಿದ್ದೆ, ನೋಡಿರಲಿಲ್ಲ.

ಆ ನೀಲಿ ಏಡಿಯದ್ದು ಬೇರೆ ರಾಮಾಯಣ. ಹಳೆಯ ಪಟ್ಟಿಗಳಲ್ಲೆಲ್ಲ ಅದು ಪೋರ್ಚುನಸ್ ಪೆಲಾಜಿಕಸ್. ಪೆಲಾಜಿಕಸ್ ಅನ್ನುವುದು 1758ರಲ್ಲಿ ಲಿನೇಯಸ್ ಕೊಟ್ಟ ಹೆಸರು. 2010ರಲ್ಲಿ ಲಾಯ್, ಎಂಗ್ ಮತ್ತು ಡೇವಿ ಎಂಬ ಮೂವರು ಬೇರೆ ಬೇರೆ ದೇಶಗಳ ಮಾದರಿಗಳನ್ನು ಹೋಲಿಸಿ, ಇದು ಒಂದಲ್ಲ, ನಾಲ್ಕು ಜಾತಿ ಅಂತ ತೋರಿಸಿದರು: ಪೆಲಾಜಿಕಸ್, ಸೆಗ್ನಿಸ್, ರೆಟಿಕ್ಯುಲೇಟಸ್, ಆರ್ಮೇಟಸ್. ಅಂದರೆ ಅದಕ್ಕೂ ಮುಂಚೆ ಪೆಲಾಜಿಕಸ್ ಅಂತ ಬರೆದದ್ದು ನಾಲ್ಕರಲ್ಲಿ ಯಾವುದೂ ಆಗಿರಬಹುದು. ಏಡಿಯನ್ನು ಜಾಡಿಯಲ್ಲಿ ಉಳಿಸಿದ್ದರೆ ಮತ್ತೆ ನೋಡಬಹುದು. ಬರೀ ಹೆಸರು ಉಳಿಸಿದ್ದರೆ ಏನೂ ಮಾಡುವಂತಿಲ್ಲ. ನನ್ನ ನೀಲಿ ಏಡಿಗಳ ಚೀಟಿಯಲ್ಲಿ ಇವತ್ತಿಗೂ "ಪೆಲಾಜಿಕಸ್ ಗುಂಪು" ಅಂತ ಮಾತ್ರ ಇದೆ. ಅದರ ತಂಟೆಗೆ ಹೋಗಬೇಡ ಅಂತ ಸರ್ ಹೇಳಿದರು, ನಾನೂ ಹೋಗಲಿಲ್ಲ.

ನನ್ನ ಏಡಿಯ ಹೆಸರಿಗೆ ಅಂಥ ಗೊಂದಲ ಇಲ್ಲ. 1783ರಲ್ಲಿ ಹರ್ಬ್ಸ್ಟ್ ಎಂಬ ಜರ್ಮನ್ ಪಾದ್ರಿ ಇದಕ್ಕೆ ಕ್ಯಾನ್ಸರ್ ಸ್ಯಾಂಗ್ವಿನೊಲೆಂಟಸ್ ಅಂತ ಹೆಸರಿಟ್ಟ. ಆಗ ಹೆಚ್ಚಿನ ಏಡಿಗಳನ್ನೆಲ್ಲ ಕ್ಯಾನ್ಸರ್ ಅನ್ನುವ ಒಂದೇ ಕುಲಕ್ಕೆ, ಅಂದರೆ ಹತ್ತಿರದ ಜಾತಿಗಳ ಗುಂಪಿಗೆ, ತುಂಬುತ್ತಿದ್ದರು. ಎರಡನೇ ಪದಕ್ಕೆ ರಕ್ತ ಮೆತ್ತಿದ್ದು ಅಂತ ಅರ್ಥ. ಆಮೇಲೆ ಕುಲ ಬದಲಾಗಿದ್ದರಿಂದ ಈಗ ಹರ್ಬ್ಸ್ಟ್‌ನ ಹೆಸರನ್ನೂ ಇಸವಿಯನ್ನೂ ಕಂಸದೊಳಗೆ ಬರೆಯಬೇಕು. ಕಂಸ ಮರೆತರೆ ತಪ್ಪು. ಅದನ್ನು ನಾನು ಎರಡು ಸಲ ಮರೆತೆ. ಹಳೆಯ ವಿವರಣೆ ಹುಡುಕುವಾಗ ಛಾಪಗರ್ ಅವರು 1957ರಲ್ಲಿ ಪ್ರಕಟಿಸಿದ, ಬಾಂಬೆ ಸ್ಟೇಟ್‌ನ ಸಮುದ್ರ ಏಡಿಗಳ ಬಗ್ಗೆ ಇರುವ ಲೇಖನ ಸಿಕ್ಕಿತು. ಬೆಳಗಾವಿಯೂ ಕಾರವಾರವೂ 1956ರ ನವೆಂಬರ್ 1ರವರೆಗೆ ಆ ರಾಜ್ಯದಲ್ಲೇ ಇದ್ದವು. ಲೇಖನ ಬರುವ ಹೊತ್ತಿಗೆ ನಾವು ಮೈಸೂರು ರಾಜ್ಯಕ್ಕೆ ಬಂದಿದ್ದೆವು. ಗಡಿ ವಿಷಯ ತೆಗೆದರೆ ಬೆಳಗಾವಿಯಲ್ಲಿ ಮಾತು ನಿಲ್ಲುವುದಿಲ್ಲ, ಇಲ್ಲಿಗೆ ಬಿಡೋಣ.

ಫೆಬ್ರುವರಿ ಪೂರ್ತಿ ಹೊಟ್ಟೆಯ ಕೆಲಸ. ಏಡಿಯನ್ನು ಅಂಗಾತ ಹಾಕಿದರೆ ಎದೆಗೆ ಅಂಟಿಕೊಂಡಂತೆ ಮಡಚಿದ ಒಂದು ಪಟ್ಟಿ ಕಾಣುತ್ತದೆ. ಅದೇ ಅದರ ಹೊಟ್ಟೆ. ಗಂಡಿನದು ಕಿರಿದು, ಬುಡ ಮಾತ್ರ ಅಗಲ, ತಲೆಕೆಳಗಾದ ಟಿ ಅಕ್ಷರದಂತೆ. ಬೆಳೆದ ಹೆಣ್ಣಿನದು ಅಗಲ, ಗುಂಡಗೆ, ಮೊಟ್ಟೆ ಮುಚ್ಚಿಡಲು ಬೇಕಾದಷ್ಟು. ಬಲಿಯದ ಹೆಣ್ಣಿನದು ಎರಡರ ನಡುವೆ, ತ್ರಿಕೋನ. ಮಾರುಕಟ್ಟೆಯ ಅಕ್ಕ ಒಂದೇ ಸಲ ತಿರುಗಿಸಿ ಗಂಡು ಹೆಣ್ಣು ಹೇಳುತ್ತಿದ್ದದ್ದು ಇದನ್ನು ನೋಡಿಯೇ. ಗಂಡಿನ ಪಟ್ಟಿಯನ್ನು ಸೂಜಿಯಿಂದ ಎತ್ತಿದರೆ ಒಳಗೆ ಎದ್ದು ಕಾಣುವುದು ಒಂದು ಜೋಡಿ ಬಾಗಿದ ಕಡ್ಡಿ. ಕೂಡಲು ಬಳಸುವ ಅಂಗ. ಇದರ ಬಾಗು, ತುದಿ, ತುದಿಯ ಕೂದಲು ಜಾತಿಯಿಂದ ಜಾತಿಗೆ ಬೇರೆ. ಬಣ್ಣ ಮೋಸ ಮಾಡುತ್ತದೆ, ಹಲ್ಲು ಮುರಿಯುತ್ತದೆ, ಇದು ಕೈ ಕೊಡುವುದು ಕಡಿಮೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಹನ್ನೊಂದು ಸಲ ಚಿತ್ರ ಬರೆದೆ. ಹನ್ನೊಂದನೆಯದನ್ನು ಸರ್ ಹರಿಯಲಿಲ್ಲ.

ಡಬ್ಬಿ ನಂಬರ್ 7ರ ಏಡಿಯನ್ನು ನಾನು ಹೆಣ್ಣು ಅಂತ ಬರೆದಿದ್ದೆ. ಹೊಟ್ಟೆಯ ಪಟ್ಟಿ ಅಗಲ, ಅದರಡಿ ಹಳದಿ ಉಂಡೆ. ಮೊಟ್ಟೆ ಅಲ್ವಾ ಮತ್ತೆ? ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಸುಮ್ನೆ ಮತ್ತೊಮ್ಮೆ ಎತ್ತಿ ನೋಡಿದೆ. ಮೊಟ್ಟೆ ಆಗಿದ್ದರೆ ಸಾಬೂದಾನಿಯ ಹಾಗೆ ಕಾಳು ಕಾಳು ಇರಬೇಕು, ಕೂದಲಿಗೆ ಗೊಂಚಲು ಕಟ್ಟಿರಬೇಕು. ಇದು ನುಣುಪಾದ ಚೀಲ. ಒಂದೇ ತೊಟ್ಟಿನಿಂದ ಹೊಟ್ಟೆಯ ನಡುವಿಗೆ ಅಂಟಿಕೊಂಡಿತ್ತು. ಪಕ್ಕದಲ್ಲಿ ಗಂಡಿನ ಬಾಗಿದ ಕಡ್ಡಿಗಳು, ಸಣ್ಣಗೆ, ಆದರೆ ಇದ್ದವು.

ಓಡಿ ಹೋಗಿ ಸರ್‌ಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಊಟದ ಡಬ್ಬಿ ಹಾಗೇ ಬಿಟ್ಟು ಬಂದು ಕೂತರು. ಸ್ಯಾಕ್ಯುಲಿನಾ ಬಳಗದ ಪರಾವಲಂಬಿ. ಬಂಡೆಗೆ, ದೋಣಿಯ ತಳಕ್ಕೆ ಅಂಟುವ ಬಾರ್ನಕಲ್‌ಗಳ ಸಂಬಂಧಿ. ಮರಿಯಾಗಿದ್ದಾಗ ಏಡಿಯ ಮೈ ಹೊಕ್ಕು ಒಳಗೆ ಬೇರು ಬಿಡುತ್ತದೆ, ನಿಜವಾಗಿ ಬೇರಿನ ಹಾಗೆಯೇ. ಆಮೇಲೆ ಹೊಟ್ಟೆಯಡಿಯಲ್ಲಿ ಚೀಲ ಹೊರಬರುತ್ತದೆ. ಚೀಲದೊಳಗೆ ಇರುವುದು ಪರಾವಲಂಬಿಯ ಮೊಟ್ಟೆ. ಏಡಿಗೆ ಇನ್ನು ಮಕ್ಕಳಾಗುವುದಿಲ್ಲ. ಗಂಡಾಗಿದ್ದರೆ ಅದರ ಹೊಟ್ಟೆಯ ಪಟ್ಟಿ ಹೆಣ್ಣಿನಂತೆ ಅಗಲವಾಗುತ್ತದೆ. ಅಷ್ಟೇ ಅಲ್ಲ, ಗಂಡು ಏಡಿ ಕೂಡ ತಾಯಿ ಏಡಿಯ ಹಾಗೆ ಆ ಚೀಲವನ್ನು ಶುಚಿ ಮಾಡುತ್ತದೆ, ಅದಕ್ಕೆ ನೀರು ಬೀಸುತ್ತದೆ. ತನ್ನದಲ್ಲದ ಬಸಿರನ್ನು ಸಾಕುತ್ತದೆ. ಅವತ್ತು ರಾತ್ರಿ ರೂಮಿಗೆ ಹೋಗಿ ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಇಂಥಾವೆಲ್ಲ ಊಟದ ಹೊತ್ತಿನ್ಯಾಗ ಹೇಳಬ್ಯಾಡ" ಅಂದಳು. ಆಮೇಲೆ ಒಂದು ನಿಮಿಷ ಬಿಟ್ಟು, "ಪಾಪ ಅದು" ಅಂದಳು.

ಏಪ್ರಿಲ್ ಮೊದಲ ವಾರ ಮೂರನೇ ಪರೀಕ್ಷೆ. ವಿವರಣೆ ಎರಡೂವರೆ ಪುಟಕ್ಕೆ ಇಳಿದಿತ್ತು. ತಟ್ಟೆಯಲ್ಲಿ ಇಪ್ಪತ್ತು ಏಡಿ, ಎಲ್ಲ ಮಣ್ಣು ಬಣ್ಣ. ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಬಿಸಿಲಿಗೆ ಕಟ್ಟೆ ಕಾದಿತ್ತು. ಮುಕ್ಕಾಲು ಗಂಟೆ ಆಯಿತು. ಬಾಗಿಲು ತೆರೆದು ಗೆಳತಿ ಕರೆದಳು.

ಒಂಬತ್ತು ಏಡಿ ಒಂದು ಕಡೆ ಇಟ್ಟಿದ್ದಳು. ಒಂಬತ್ತೂ ನನ್ನವೇ. ಐದು ಗಂಡು, ಮೂರು ಹೆಣ್ಣು ಅಂತ ಚೀಟಿ ಇಟ್ಟಿದ್ದಳು. ಕೈ ಕಾಲಿಲ್ಲದ ನಂಬರ್ 1ನ್ನೂ ಹಲ್ಲು ಎಣಿಸಿ ಹಿಡಿದಿದ್ದಳು. ಒಂಬತ್ತನೆಯದರ ಮುಂದೆ ಮಾತ್ರ ಚೀಟಿ ಖಾಲಿ.

"ಹಲ್ಲು ಸರಿ ಐತಿ, ಅಗಲ ಸರಿ ಐತಿ, ರವಾನೂ ಸರಿ ಐತಿ" ಅಂದಳು. "ಆದರ ಇದು ಗಂಡೂ ಅಲ್ಲ, ಹೆಣ್ಣೂ ಅಲ್ಲ. ನೀ ಬರದಿದ್ರಾಗ ಇಂಥಾದ್ದು ಎಲ್ಲೂ ಇಲ್ಲ."

ಅದು ನಂಬರ್ 7. ಸರ್ ಕಿಟಕಿಯ ಹತ್ತಿರ ನಿಂತು ಚಹಾ ಕುಡಿಯುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ನಾನು ಅವಳ ಕೈಯಿಂದ ಹಾಳೆ ಇಸಿದುಕೊಂಡು, ಅಂಚಿನಲ್ಲಿ ಜಾಗ ಹುಡುಕಿ, ಪೆನ್ಸಿಲಿನಿಂದ ಬರೆಯಲು ಶುರು ಮಾಡಿದೆ: "ಕೆಲವು ಗಂಡುಗಳಲ್ಲಿ ಹೊಟ್ಟೆಯ ಪಟ್ಟಿ ಅಗಲವಾಗಿರಬಹುದು. ಆಗ ಅದನ್ನು ಎತ್ತಿ ನೋಡಬೇಕು..."